ಎರಡು ಚುಕ್ಕೆ, ಮೂರು ಗೆರೆ

ಕೊಣ್ಣೂರ, ಗೋಕಾಕ, ಮೂಡಲಗಿ, ಹುಕ್ಕೇರಿಗಳ ಯಾವುದಾದರೊಂದು ಕಚೇರಿಯಿಂದ ಹೊರಟ ಪತ್ರವನ್ನು ಕೈಗೆತ್ತಿಕೊಂಡು, ಅದರ ಒಕ್ಕಣೆಯನ್ನು ಬದಿಗಿರಿಸಿ, ತಲೆಭಾಗವನ್ನಷ್ಟೇ ಸಾವಧಾನದಿಂದ ಪರಿಶೀಲಿಸಿದರೂ ಸಾಕು, ನಮ್ಮ ವಿದ್ಯಾಭ್ಯಾಸಕ್ರಮದ ಒಂದು ಕಿರುಚರಿತ್ರೆ ಅಲ್ಲಿ ಗೋಚರವಾಗುತ್ತದೆ. ‘ವಿಷಯ’ ಎಂಬ ಪದದ ಮುಂದೆ ಒಬ್ಬ ಗುಮಾಸ್ತರು ಮೇಲೊಂದು ಕೆಳಗೊಂದು ಚುಕ್ಕೆಯಿಟ್ಟು ಸುಮ್ಮನಾಗುತ್ತಾರೆ. ಮತ್ತೊಬ್ಬರು ಆ ಚುಕ್ಕೆಗಳ ಮಗ್ಗುಲಿಗೆ ಒಂದು ಅಡ್ಡಗೆರೆಯನ್ನೂ ಎಳೆದು ‘ವಿಷಯ:-’ ಎಂದು ಬರೆಯುತ್ತಾರೆ. ಮೂರನೆಯವರು ಕೀಲಿಮಣೆಯಲ್ಲಿ ಕೋಲನ್ನನ್ನು ಹುಡುಕುವ ಗೋಜಿಗೆ ಹೋಗದೆ ವಿಸರ್ಗವನ್ನೇ ಒತ್ತಿ ‘ವಿಷಯಃ’ ಎಂದು ಮುಗಿಸುತ್ತಾರೆ. ಇದಕ್ಕೆ ಪ್ರತಿಯಾಗಿ, ಶ್ರದ್ಧಾಂಜಲಿಯ ಬ್ಯಾನರುಗಳಲ್ಲಿ ವಿಸರ್ಗವಿರತಕ್ಕ ಸ್ಥಳದಲ್ಲಿ ಕೋಲನ್ ಬಂದು ಕುಳಿತು ದುಃಖವು ‘ದು:ಖ’ವಾಗಿರುವುದನ್ನೂ ನಾವು ಕಾಣುತ್ತಲೇ ಇರುತ್ತೇವೆ. ಒಂದು ಅಕ್ಷರಮಾಲೆಗೆ ಸೇರಿದ ಧ್ವನಿ, ಇನ್ನೊಂದು ಉಚ್ಚಾರಣೆಯೇ ಇಲ್ಲದ ಲೇಖನಚಿಹ್ನೆ; ಎರಡರ ಆಕಾರ ಸರಿಸುಮಾರು ಒಂದೇ ಆಗಿರುವುದರಿಂದ ಒಂದರ ಕೆಲಸವನ್ನು ಇನ್ನೊಂದಕ್ಕೆ ವಹಿಸಿ ನಿಶ್ಚಿಂತರಾಗಿದ್ದೇವೆ.

ಕನ್ನಡದಲ್ಲಿ ಇದರಿಂದ ಅರ್ಥಹಾನಿಯೇನೂ ಸಂಭವಿಸುವುದಿಲ್ಲವೆಂಬುದು ನಿಜ. ಆದರೆ ಇದೇ ಔದಾಸೀನ್ಯವನ್ನು ನಾವು ಇಂಗ್ಲಿಷಿಗೆ ಕೊಂಡೊಯ್ದಾಗ, ಮತ್ತು ಅರ್ಜಿಯಿಂದ ಹಿಡಿದು ಕರಾರುಪತ್ರದವರೆಗೆ ನಮ್ಮ ಮಕ್ಕಳ ಬದುಕಿನ ಎಷ್ಟೋ ಕಾಗದಗಳು ಆ ಭಾಷೆಯಲ್ಲಿಯೇ ಸಾಗಬೇಕಾಗಿರುವಾಗ, ಹಾನಿ ಬೇರೆಯೇ ತೆರನಾಗಿರುತ್ತದೆ. ಕೋಲನ್, ಡ್ಯಾಶ್, ಹೈಫನ್ ಈ ಮೂರೂ ಇಂಗ್ಲಿಷಿನಲ್ಲಿ ಅಲಂಕಾರಗಳಲ್ಲ. ಅವು ವಾಕ್ಯದ ಅನ್ವಯವನ್ನು ನಿರ್ಣಯಿಸತಕ್ಕ ಅಂಗಗಳು. ಇವುಗಳನ್ನು ನಮ್ಮ ಶಾಲೆಗಳಲ್ಲಿ ಕಲಿಸುವ ರೀತಿ ತಲೆಕೆಳಗಾಗಿದೆಯೆಂದೂ, ಕನ್ನಡ ಬಲ್ಲ ಮಗುವಿಗೆ ಈ ಮೂರು ಚಿಹ್ನೆಗಳ ಮರ್ಮ ತನ್ನ ಮಾತಿನಲ್ಲಿ ಆಗಲೇ ತಿಳಿದಿರುವುದರಿಂದ ಕನ್ನಡದ ಬಾಗಿಲಿನಿಂದಲೇ ಅವನ್ನು ಒಳಗೆ ಬರಮಾಡಿಕೊಳ್ಳಬೇಕೆಂದೂ ಪ್ರತಿಪಾದಿಸುವುದು ಈ ಲೇಖನದ ಉದ್ದೇಶ.

ಚಿಹ್ನೆಗಳಿಲ್ಲದೆ ನಮ್ಮ ಪೂರ್ವಿಕರು ಶತಮಾನಗಳ ಕಾಲ ಬರೆದರು. ನಮ್ಮ ನಾಡಿನ ಶಾಸನಗಳನ್ನು ನೋಡಿದವರು ಬಲ್ಲರು: ಅಲ್ಲಿ ಪದಪದಗಳ ನಡುವೆ ತೆರಪೂ ಇರುವುದಿಲ್ಲ, ಪದ್ಯದ ಕೊನೆಗೊಂದು ದಂಡ ಕಂಡರೆ ಅದೇ ಹೆಚ್ಚು. ಆದರೂ ಅರ್ಥ ಕೆಡುವುದಿಲ್ಲ. ಕಾರಣವೇನೆಂದರೆ ಕನ್ನಡದಲ್ಲಿ ಯಾವ ಪದ ಯಾವುದಕ್ಕೆ ಸೇರಿದ್ದೆಂಬುದನ್ನು ವಿಭಕ್ತಿಪ್ರತ್ಯಯಗಳೂ ಕೃದಂತಗಳೂ ‘ಎಂದು’, ‘ಎಂಬ’, ‘ಆದ’ ಮೊದಲಾದ ಶಬ್ದಗಳೂ ತಾವೇ ಸಾರಿ ಹೇಳುತ್ತವೆ. ಇಂಗ್ಲಿಷು ತನ್ನ ಪ್ರಾಚೀನ ವಿಭಕ್ತಿಗಳನ್ನು ಬಹುಮಟ್ಟಿಗೆ ಕಳೆದುಕೊಂಡ ಭಾಷೆ. ಆದಕಾರಣ ಪದಗಳ ಅನುಕ್ರಮ ಮತ್ತು ಚಿಹ್ನೆ ಇವೆರಡರ ಮೇಲೆಯೇ ಅದು ಭಾರ ಹಾಕಿ ನಿಲ್ಲಬೇಕಾಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ, ವಿಲಿಯಂ ಕೇರಿಯ ಕನ್ನಡ ವ್ಯಾಕರಣ ೧೮೧೭ರಲ್ಲಿ ಸಿರಾಂಪುರದಲ್ಲಿ ಅಚ್ಚಾಗಿ, ೧೮೪೩ರಲ್ಲಿ ಮಂಗಳೂರಿನಿಂದ ‘ಮಂಗಳೂರ ಸಮಾಚಾರ’ ಹೊರಟು, ಮುದ್ರಣವೆಂಬುದು ಕನ್ನಡಿಗರ ಬಾಳಿನಲ್ಲಿ ನೆಲೆಯೂರಿದ ಹಾಗೆಲ್ಲ ಈ ಚಿಹ್ನೆಗಳೂ ನಮ್ಮ ಗದ್ಯಕ್ಕೆ ಬಂದು ಸೇರಿದವು. ಅವು ನಮಗೆ ಅತಿಥಿಗಳು. ಇಂಗ್ಲಿಷಿಗಾದರೋ ಮನೆಯ ಆಧಾರಸ್ತಂಭಗಳು. ಈ ಭೇದವನ್ನು ಯಾರೂ ಬಿಡಿಸಿ ಹೇಳದಿರುವುದರಿಂದ ನಮ್ಮ ವಿದ್ಯಾರ್ಥಿ ಅಲ್ಲಿಯೂ ಅವನ್ನು ಅತಿಥಿಗಳಂತೆಯೇ ಕಾಣುತ್ತಾನೆ. ಇದ್ದರೂ ಸರಿ, ಹೋದರೂ ಸರಿ.

ಮೊದಲು ಕೋಲನ್ನನ್ನು ತೆಗೆದುಕೊಳ್ಳೋಣ. ಅದರ ಬೆನ್ನಿಗಂಟಿಕೊಂಡು ಬರುವ ಆ ಅಡ್ಡಗೆರೆ ನಮ್ಮ ಗುಮಾಸ್ತರ ಕಲ್ಪನೆಯಲ್ಲ. ಹತ್ತೊಂಬತ್ತನೆಯ ಶತಮಾನದ ಬ್ರಿಟಿಷ್ ಮುದ್ರಣದಲ್ಲಿ ಕೋಲನ್ನಿಗೆ ಡ್ಯಾಶ್ ಜೋಡಿಸುವ ಪದ್ಧತಿ ಬಳಕೆಯಲ್ಲಿತ್ತು. ಆಳರಸರ ಕಚೇರಿಗಳಿಂದ ಅದು ನಮ್ಮ ಕಚೇರಿಗಳಿಗೆ ಇಳಿಯಿತು. ಮೂರು ನಾಲ್ಕು ತಲೆಮಾರುಗಳ ಭಾರತೀಯರಿಗೆ ಇಂಗ್ಲಿಷ್ ವ್ಯಾಕರಣವನ್ನು ಕಲಿಸಿದ ರೆನ್ ಮತ್ತು ಮಾರ್ಟಿನ್ನರ ಪುಸ್ತಕವೂ ಕೋಲನ್ನಿನ ಬಳಿಕ ಡ್ಯಾಶ್ ಬರುವುದಕ್ಕೆ ಅವಕಾಶ ಕೊಟ್ಟಿತು. ನಮ್ಮ ಕಾಯಿದೆಗಳ ಕರಡುಗಳಲ್ಲಿ ಅದು ಇಂದಿಗೂ ಕಾಣಿಸಿಕೊಳ್ಳುತ್ತದೆ. ಕನ್ನಡ ಶಾಲೆಯಲ್ಲಿ ‘ವಿವರಣ ಚಿಹ್ನೆ’ಯೆಂದು ಚುಕ್ಕೆ-ಗೆರೆಗಳನ್ನು ಕೂಡಿಸಿಯೇ ಕಲಿತ ಮಗು ಇಂಗ್ಲಿಷ್ ಪತ್ರದಲ್ಲಿಯೂ ‘ಸಬ್:-’ ಎಂದು ಬರೆದರೆ ಅದು ಮಗುವಿನ ಅಪರಾಧವಲ್ಲ. ಆದರೆ ಹುಟ್ಟಿದ ಊರಿನಲ್ಲಿಯೇ ಆ ಪದ್ಧತಿ ಲುಪ್ತವಾಗಿ ದಶಕಗಳು ಸಂದಿರುವಾಗ ನಾವು ಅದನ್ನು ವಂಶಪಾರಂಪರ್ಯದ ಆಸ್ತಿಯಂತೆ ಕಾಪಾಡಿಕೊಂಡು ಬರುವುದರಲ್ಲಿ ಅರ್ಥವಿಲ್ಲ. ಕೋಲನ್ ಒಂದೇ ಸಾಕು. ಅದು ಹಿಂದಿನ ಪದಕ್ಕೆ ತೆರಪಿಲ್ಲದೆ ತಾಗಿರತಕ್ಕದ್ದು, ಮುಂದಿನ ಪದಕ್ಕೂ ಅದಕ್ಕೂ ನಡುವೆ ಒಂದು ತೆರಪಿರತಕ್ಕದ್ದು.

ಆದರೆ ಅದರ ಆಕಾರಕ್ಕಿಂತ ಅದರ ಸ್ಥಾನ ಮುಖ್ಯವಾದುದು. ನಮ್ಮ ಭಾಗದ ಇಂಗ್ಲಿಷ್ ಪ್ರಬಂಧಗಳಲ್ಲಿ ‘ದ ರಿವರ್ಸ್ ಆಫ್ ಅವರ್ ಏರಿಯಾ ಆರ್: ಘಟಪ್ರಭಾ, ಹಿರಣ್ಯಕೇಶಿ ಅಂಡ್ ಮಾರ್ಕಂಡೇಯ’ ಎಂಬ ಮಾದರಿಯ ವಾಕ್ಯ ಹೇರಳವಾಗಿ ದೊರೆಯುತ್ತದೆ. ಇಲ್ಲಿ ‘ಆರ್’ ಎಂಬ ಕ್ರಿಯಾಪದ ತನ್ನ ಪೂರಕವನ್ನು ಇನ್ನೂ ಹುಡುಕುತ್ತಿರುವಾಗಲೇ ಕೋಲನ್ ಅಡ್ಡ ಬಂದು ದಾರಿ ಕಟ್ಟಿದೆ. ಕೋಲನ್ ತೆಗೆದುಹಾಕಿದರೆ ವಾಕ್ಯ ಶುದ್ಧವಾಗುತ್ತದೆ. ಕೋಲನ್ ಬೇಕೇಬೇಕೆಂದಿದ್ದರೆ ಅದರ ಎಡಗಡೆಯ ಮಾತು ತಾನೇ ಒಂದು ಪೂರ್ಣವಾಕ್ಯವಾಗುವಂತೆ ‘ತ್ರೀ ರಿವರ್ಸ್ ಫ್ಲೋ ಥ್ರೂ ಅವರ್ ಏರಿಯಾ: ದ ಘಟಪ್ರಭಾ, ದ ಹಿರಣ್ಯಕೇಶಿ ಅಂಡ್ ದ ಮಾರ್ಕಂಡೇಯ’ ಎಂದು ಬರೆಯಬೇಕು. ಮೂರು ನದಿಗಳಿವೆಯೆಂದು ಎಡಗಡೆ ವಾಗ್ದಾನವಾಯಿತು, ಯಾವುವೆಂದು ಬಲಗಡೆ ಅದು ಸಲ್ಲಿಕೆಯಾಯಿತು. ಕನ್ನಡದ ಮಗು ಇದನ್ನು ಹೊಸದಾಗಿ ಕಲಿಯಬೇಕಾದುದಿಲ್ಲ. ತನ್ನ ಮಾತನ್ನು ಒಂದು ಘಟ್ಟಕ್ಕೆ ತಂದು ನಿಲ್ಲಿಸಿ ‘ಯಾವುವೆಂದರೆ’, ‘ಏನೆಂದರೆ’, ‘ಹೇಗೆಂದರೆ’ ಎಂದು ಅದು ಎಲ್ಲಿ ಹೇಳುತ್ತದೆಯೋ ಅಲ್ಲಿಯೇ ಇಂಗ್ಲಿಷಿನ ಕೋಲನ್ನಿಗೆ ಸ್ಥಳವುಂಟು. ಪಟ್ಟಿಯಿದ್ದಲ್ಲೆಲ್ಲ ಕೋಲನ್ ಎಂಬ ಕಂಠಪಾಠಕ್ಕಿಂತ ಈ ಒಂದು ಪರೀಕ್ಷೆ ಹೆಚ್ಚು ವಿಶ್ವಾಸಾರ್ಹವಾದುದು. ಏಕೆಂದರೆ ಪಟ್ಟಿಯೇ ಇಲ್ಲದೆ ಒಂದೇ ಕಾರಣವನ್ನೋ ಒಂದೇ ಫಲವನ್ನೋ ಹೇಳುವಾಗಲೂ ಕೋಲನ್ ಸಲ್ಲುತ್ತದೆ. ಆ ಸೂಕ್ಷ್ಮವನ್ನು ‘ಏನೆಂದರೆ’ ತಾನಾಗಿಯೇ ತಿಳಿಸಿಕೊಡುತ್ತದೆ.

ಇಲ್ಲಿ ಜಾಣ ವಿದ್ಯಾರ್ಥಿಯೊಬ್ಬನು ಎದ್ದು ಆಕ್ಷೇಪಿಸಬಹುದು. ೧೯೪೯ನೆಯ ನವೆಂಬರ್ ೨೬ರಂದು ಅಂಗೀಕೃತವಾದ ನಮ್ಮ ಸಂವಿಧಾನದ ಪ್ರಸ್ತಾವನೆಯ ಇಂಗ್ಲಿಷ್ ಪಾಠದಲ್ಲಿ ‘ಸಿಟಿಜನ್ಸ್’ ಎಂಬ ಪದವಾದೊಡನೆ ಕೋಲನ್ ಬಂದಿದೆ; ನ್ಯಾಯ, ಸ್ವಾತಂತ್ರ್ಯ, ಸಮಾನತೆಗಳು ಅದರ ಬಳಿಕ ಸಾಲುಸಾಲಾಗಿ ನಿಂತಿವೆ; ಅವೆಲ್ಲವೂ ಹಿಂದಿನ ಕ್ರಿಯಾಪದಕ್ಕೆ ಕರ್ಮಗಳಾದುದರಿಂದ ಎಡಗಡೆಯ ಮಾತು ಪೂರ್ಣವಾಗಿಲ್ಲವಷ್ಟೆ? ಆಕ್ಷೇಪ ಯುಕ್ತವಾದುದೇ. ಪ್ರತಿಯೊಂದು ಅಂಶವನ್ನೂ ಬೇರೆ ಬೇರೆ ಸಾಲಿನಲ್ಲಿ ನಿಲ್ಲಿಸಿ, ಶಿಲಾಲೇಖದ ಗಾಂಭೀರ್ಯದಿಂದ ಘೋಷಿಸುವ ಶಾಸನಗದ್ಯಕ್ಕೆ ಈ ಸ್ವಾತಂತ್ರ್ಯವುಂಟು; ನಿರಂತರವಾಗಿ ಹರಿಯುವ ಸಾಮಾನ್ಯ ಗದ್ಯಕ್ಕೆ ಅದಿಲ್ಲ. ಇಂಥ ಪ್ರಶ್ನೆಯನ್ನು ಕೇಳಬಲ್ಲ ವಿದ್ಯಾರ್ಥಿ ಕೋಲನ್ನನ್ನು ಕಲಿತಿದ್ದಾನೆಂದೇ ನಾನು ತಿಳಿಯುತ್ತೇನೆ.

ಹೈಫನ್ನಿನ ಪ್ರಕರಣ ಇದಕ್ಕಿಂತಲೂ ಸ್ವಾರಸ್ಯವಾದುದು, ಮತ್ತು ಅದರ ಉಪೇಕ್ಷೆಯಿಂದಾಗುವ ನಷ್ಟ ಹೆಚ್ಚು ಪ್ರತ್ಯಕ್ಷವಾದುದು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಘಟಪ್ರಭೆಯ ಜಲಶಕ್ತಿಯನ್ನು ನೆಚ್ಚಿ ಗೋಕಾಕ ಫಾಲ್ಸಿನಲ್ಲಿ ತಲೆಯೆತ್ತಿದ ನೂಲಿನ ಗಿರಣಿಯ ಕಾರಣದಿಂದ ಕೊಣ್ಣೂರಿನ ಎಷ್ಟೋ ಮನೆತನಗಳು ಪಾಳಿಯ ಲೆಕ್ಕದಲ್ಲಿಯೇ ದಿನವನ್ನು ಎಣಿಸಿದವು. ಆದುದರಿಂದ ಪಾಳಿಯದೇ ಒಂದು ಕಲ್ಪಿತ ನಿದರ್ಶನವನ್ನು ನೋಡೋಣ. ಸೂಚನಾಫಲಕದ ಮೇಲೆ ಇಂಗ್ಲಿಷಿನಲ್ಲಿ ‘ಟ್ವೆಂಟಿ ಫೋರ್-ಅವರ್ ಶಿಫ್ಟ್ಸ್’ ಎಂದು ಬರೆದರೆ ನಾಲ್ಕು ಗಂಟೆಯ ಇಪ್ಪತ್ತು ಪಾಳಿಗಳೆಂದಾಯಿತು. ಒಟ್ಟು ದುಡಿಮೆ ೮೦ ಗಂಟೆ. ‘ಟ್ವೆಂಟಿ-ಫೋರ್ ಅವರ್ ಶಿಫ್ಟ್ಸ್’ ಎಂದು ಬರೆದರೆ ಒಂದೊಂದು ಗಂಟೆಯ ಇಪ್ಪತ್ನಾಲ್ಕು ಪಾಳಿ. ಒಟ್ಟು ೨೪ ಗಂಟೆ. ‘ಟ್ವೆಂಟಿ-ಫೋರ್-ಅವರ್ ಶಿಫ್ಟ್ಸ್’ ಎಂದರೆ ಹಗಲೂ ರಾತ್ರಿಯೂ ಬಿಡುವಿಲ್ಲದ ಇಪ್ಪತ್ನಾಲ್ಕು ಗಂಟೆಯ ಪಾಳಿ. ಅಂಥವೆಷ್ಟೆಂಬುದು ಅಲ್ಲಿ ಹೇಳಿಯೇ ಇಲ್ಲ. ಪದಗಳು ಅವೇ, ಅನುಕ್ರಮ ಅದೇ. ಬೆರಳಿನುಗುರಿನಷ್ಟಿಲ್ಲದ ಒಂದು ಗೆರೆ ಸರಿದಾಡಿದ ಮಾತ್ರಕ್ಕೆ ಕೂಲಿಯ ಲೆಕ್ಕವೆಲ್ಲ ಬುಡಮೇಲಾಯಿತು. ಕನ್ನಡದಲ್ಲಿ ಇದನ್ನೇ ‘ನಾಲ್ಕು ಗಂಟೆಯ ಇಪ್ಪತ್ತು ಪಾಳಿ’ ಎಂದು ಹೇಳುವಾಗ ಷಷ್ಠೀ ವಿಭಕ್ತಿ ಮಾಡುವ ಕೆಲಸವನ್ನೇ ಅಲ್ಲಿ ಹೈಫನ್ ಮಾಡುತ್ತಿದೆ.

ನಮ್ಮವರು ಹೈಫನ್ನಿನಲ್ಲಿ ಎಡವುವುದಕ್ಕೆ ಇನ್ನೊಂದು ಕಾರಣವೂ ಉಂಟು. ಕನ್ನಡದಲ್ಲಿ ನಾವು ಈ ಗೆರೆಯನ್ನು ಬಹುಮಟ್ಟಿಗೆ ದ್ವಂದ್ವಸಮಾಸಕ್ಕೇ ಬಳಸುತ್ತೇವೆ: ತಂದೆ-ತಾಯಿ, ಹೊಲ-ಮನೆ, ಮಳೆ-ಬೆಳೆ. ಹೀಗಾಗಿ ಅದು ‘ಮತ್ತು’ ಎಂಬುದರ ಸಂಕ್ಷೇಪವೆಂದು ಮಗುವಿನ ಮನಸ್ಸಿನಲ್ಲಿ ಊರಿಬಿಡುತ್ತದೆ. ಇಂಗ್ಲಿಷಿನ ಹೈಫನ್ನಾದರೋ ಪ್ರಾಯಶಃ ತತ್ಪುರುಷ, ಕರ್ಮಧಾರಯ, ಬಹುವ್ರೀಹಿಗಳ ಕ್ಷೇತ್ರದಲ್ಲಿ ದುಡಿಯತಕ್ಕದ್ದು. ಎರಡು ಎತ್ತುಗಳ ಹೆಗಲ ಮೇಲೆ ನೊಗವಿಟ್ಟು ಒಂದೇ ಬಂಡಿಯನ್ನೆಳೆಯಿಸುವಂತೆ, ಎರಡು ಮೂರು ಪದಗಳನ್ನು ಕೂಡಿಸಿ ಮುಂದಿರುವ ಒಂದು ನಾಮಪದಕ್ಕೆ ಒಂದೇ ವಿಶೇಷಣವನ್ನಾಗಿ ಹೂಡುವುದು ಅದರ ಧರ್ಮ. ‘ಎ ಟೆನ್-ಇಯರ್-ಓಲ್ಡ್ ಬಾಯ್’ ಎಂಬಲ್ಲಿ ನೊಗ ಬೇಕು; ‘ದ ಬಾಯ್ ಈಸ್ ಟೆನ್ ಇಯರ್ಸ್ ಓಲ್ಡ್’ ಎಂಬಲ್ಲಿ ಎಳೆಯತಕ್ಕ ಬಂಡಿ ಮುಂದೆ ಇಲ್ಲವಾದುದರಿಂದ ನೊಗವೂ ಬೇಡ. ‘ಲೀ’ ಎಂದು ಕೊನೆಗೊಳ್ಳುವ ಕ್ರಿಯಾವಿಶೇಷಣ ಬಂದಾಗ, ಉದಾಹರಣೆಗೆ ‘ಎ ನ್ಯೂಲಿ ಬಿಲ್ಟ್ ಬ್ರಿಜ್’ ಎಂಬಲ್ಲಿ, ಆ ಪದದ ರೂಪವೇ ಅದರ ಸಂಬಂಧವನ್ನು ಸೂಚಿಸುವುದರಿಂದ ಹೈಫನ್ ಅನಾವಶ್ಯಕ. ಕೇಶಿರಾಜನ ಸಮಾಸಪ್ರಕರಣದ ಸಾರವನ್ನು ಎಂಟನೆಯ ಇಯತ್ತೆಯಲ್ಲಿಯೇ ಓದಿ, ವಿಗ್ರಹವಾಕ್ಯವನ್ನು ಬಿಡಿಸಿ ಹೇಳಬಲ್ಲ ವಿದ್ಯಾರ್ಥಿಗೆ ಇದು ಎಷ್ಟು ಮಾತ್ರದ ವಿದ್ಯೆ? ಕನ್ನಡದ ಪಂಡಿತರು ಒಂದು ಕೋಣೆಯಲ್ಲಿ ಸಮಾಸವನ್ನೂ, ಇಂಗ್ಲಿಷಿನ ಮಾಸ್ತರರು ಪಕ್ಕದ ಕೋಣೆಯಲ್ಲಿ ಹೈಫನ್ನನ್ನೂ ಒಬ್ಬರಿಗೊಬ್ಬರು ಸುಳಿವು ಕೊಡದೆ ಕಲಿಸುತ್ತಿರುವುದೇ ದೋಷ.

ಗೋಕಾಕದ ಕರದಂಟಿನ ಪೊಟ್ಟಣ ಇಂದು ದೇಶದ ಗಡಿಯನ್ನೂ ದಾಟಿ ಹೋಗುತ್ತಿದೆ. ಬೆಲ್ಲದಲ್ಲಿ ಮಾಡಿದ ತಿನಿಸಿನ ಮೇಲೆ ‘ಶುಗರ್-ಫ್ರೀ’ ಎಂದಿದ್ದರೆ ಸಕ್ಕರೆಯಿಲ್ಲದ್ದೆಂದು ಅರ್ಥ. ಹೈಫನ್ ಬಿಟ್ಟು ‘ಶುಗರ್ ಫ್ರೀ’ ಎಂದಿದ್ದರೆ ಸಕ್ಕರೆಯನ್ನು ಪುಕ್ಕಟೆ ಕೊಡುತ್ತಾರೆಂದು ವಿನೋದಪ್ರಿಯನೊಬ್ಬನು ಓದಿಕೊಂಡಾನು. ಗದಗ ಸೀಮೆಯ ಕಣಗಿನಹಾಳದಲ್ಲಿ ೧೯೦೫ರಲ್ಲಿ ಆರಂಭವಾದ ಸಹಕಾರಿ ಆಂದೋಲನದ ಫಲವಾಗಿ ನಮ್ಮ ಊರೂರುಗಳಲ್ಲಿಯೂ ಸೊಸಾಯಿಟಿಗಳಿವೆ. ಅವುಗಳ ಫಲಕಗಳ ಮೇಲಿನ ‘ಕೋ-ಆಪ್’ ಎಂಬುದರ ನಡುವಣ ಗೆರೆಯನ್ನು ಅಳಿಸಿದರೆ ಇಂಗ್ಲಿಷಿನಲ್ಲಿ ಉಳಿಯುವುದು ಕೋಳಿಯ ಗೂಡು. ಇವು ನಗೆಯ ಮಾತುಗಳಾಗಿ ಕಳೆದುಹೋಗಬಹುದು. ಆದರೆ ಕರಾರಿಗೆ ಮತ್ತೊಮ್ಮೆ ಸಹಿ ಹಾಕುತ್ತೇನೆಂಬ ಅರ್ಥದ ‘ರೀ-ಸೈನ್’ ಎಂಬುದನ್ನು ಹೈಫನ್ ಇಲ್ಲದೆ ಬರೆದರೆ ಅದು ನೌಕರಿಗೆ ರಾಜೀನಾಮೆ ಕೊಡುತ್ತೇನೆಂಬ ಪತ್ರವಾಗಿ ಪರಿಣಮಿಸುತ್ತದೆ. ಅಲ್ಲಿ ನಗುವವರು ಯಾರೂ ಇರುವುದಿಲ್ಲ.

ಇನ್ನು ಡ್ಯಾಶ್. ಗೆರೆ ಮೂರು ಉದ್ದಗಳಲ್ಲಿ ಬರುತ್ತದೆಂಬ ಸಂಗತಿಯನ್ನೇ ನಮ್ಮಲ್ಲಿ ಬಹುಮಂದಿ ಅರಿಯರು. ಅದಕ್ಕೆ ಬೆರಳಚ್ಚು ಯಂತ್ರವೇ ಮುಖ್ಯ ಕಾರಣ. ಆ ಯಂತ್ರದಲ್ಲಿ ಗೆರೆಗೆ ಇದ್ದದ್ದು ಒಂದೇ ಕೀಲಿ. ಹೈಫನ್ನಿಗೆ ಅದನ್ನು ಒಮ್ಮೆ ಒತ್ತಿ, ಡ್ಯಾಶಿಗೆ ಎರಡು ಸಲ ಒತ್ತಿ, ಟೈಪಿಂಗ್ ಕ್ಲಾಸುಗಳಲ್ಲಿ ಪಳಗಿದ ಕೈಗಳು ನಮ್ಮ ಕಚೇರಿಗಳ ಲೇಖನಶೈಲಿಯನ್ನು ರೂಪಿಸಿದವು. ಅಚ್ಚಿನ ಮನೆಯ ಮೊಳೆಜೋಡಿಸುವವರಿಗಾದರೋ ಮೂರರ ಭೇದ ಚೆನ್ನಾಗಿ ಗೊತ್ತಿತ್ತು. ಅತಿ ಚಿಕ್ಕದು ಹೈಫನ್, ಪದಗಳನ್ನು ಬೆಸೆಯತಕ್ಕದ್ದು. ಮಧ್ಯಮ ಪ್ರಮಾಣದ್ದು ಎನ್ ಡ್ಯಾಶ್, ಇಲ್ಲಿಂದ ಅಲ್ಲಿಯವರೆಗೆ ಎಂಬ ವ್ಯಾಪ್ತಿಯನ್ನು ಸೂಚಿಸತಕ್ಕದ್ದು: ಗೋಕಾಕ ರೋಡ್ ನಿಲ್ದಾಣದ ಮೂಲಕ ಹಾದುಹೋಗುವ ಮೀರಜ–ಲೋಂಡಾ ಮಾರ್ಗ, ವಿನಾಯಕ ಕೃಷ್ಣ ಗೋಕಾಕರ ಜೀವಿತಾವಧಿ ೧೯೦೯–೧೯೯೨. ಉದ್ದನೆಯದು ಎಮ್ ಡ್ಯಾಶ್, ವಾಕ್ಯದ ಓಟವನ್ನು ತಡೆದು ನಡುವೆ ಒಂದು ಮಾತನ್ನು ತೂರಿಸತಕ್ಕದ್ದು. ‘ದ ಫಾಲ್ಸ್—ಆಲ್ಮೋಸ್ಟ್ ಡ್ರೈ ಇನ್ ಏಪ್ರಿಲ್—ರೋರ್ಸ್ ಇನ್ ಆಗಸ್ಟ್’ ಎಂದು ಜಲಪಾತವನ್ನು ವರ್ಣಿಸುವಾಗ ನಡುವಣ ಮಾತನ್ನು ಅಲ್ಪವಿರಾಮಗಳ ನಡುವೆ ಇಟ್ಟರೆ ಅದು ಸಹಜವಾಗಿ ಸಾಗಿಹೋಗುತ್ತದೆ, ಆವರಣದಲ್ಲಿಟ್ಟರೆ ಪಿಸುಮಾತಾಗುತ್ತದೆ, ಡ್ಯಾಶುಗಳ ನಡುವೆ ಇಟ್ಟಾಗ ಮಾತ್ರ ಅದು ಓದುಗನ ರಟ್ಟೆ ಹಿಡಿದು ನಿಲ್ಲಿಸಿ ಕೇಳಿಸುತ್ತದೆ. ಕಟ್ಟೆಯ ಮೇಲೆ ಕುಳಿತು ಕಥೆ ಹೇಳುವ ಹಿರಿಯರು ನಡುವೆಯೇ ‘ಅಂದ ಹಾಗೆ’ ಎಂದು ತಡೆದು, ಒಂದು ಉಪಕಥೆಯನ್ನು ಮುಗಿಸಿ, ಮತ್ತೆ ಮೂಲಕ್ಕೆ ಹಿಂದಿರುಗುವರಲ್ಲವೆ, ಅದೇ ಇದು. ಹೋದವರು ಹಿಂದಿರುಗಬೇಕು ಎಂಬುದೇ ಇದರ ಮುಖ್ಯ ನಿಯಮ; ಒಂದು ಡ್ಯಾಶಿನಿಂದ ತೆರೆದ ಮಾತನ್ನು ಅಲ್ಪವಿರಾಮದಿಂದ ಮುಚ್ಚುವುದು ಸಲ್ಲದು. ಮತ್ತು ಪ್ರತಿ ವಾಕ್ಯದಲ್ಲಿಯೂ ರಟ್ಟೆ ಹಿಡಿಯುವವನ ಸಂಗವನ್ನು ಯಾರೂ ಬಯಸುವುದಿಲ್ಲ. ಇತ್ತೀಚೆಗಂತೂ ಉದ್ದ ಡ್ಯಾಶುಗಳು ಒತ್ತಾಗಿ ಬಂದ ಬರವಣಿಗೆಯನ್ನು ಕಂಡೊಡನೆ ಇದು ಯಂತ್ರದಿಂದ ಬರೆಸಿದ್ದೆಂದು ಅನುಮಾನಿಸುವ ಅಭ್ಯಾಸವೂ ಬೆಳೆದಿದೆ. ಅನುಮಾನ ಎಲ್ಲ ವೇಳೆಯಲ್ಲಿಯೂ ನ್ಯಾಯವಾದುದಲ್ಲ. ಆದರೆ ಅದರಿಂದ ಪಾರಾಗುವ ಉಪಾಯ ಡ್ಯಾಶನ್ನು ತ್ಯಜಿಸುವುದಲ್ಲ, ಏಕೆ ಇಟ್ಟೆನೆಂದು ಹೇಳಬಲ್ಲವನಾಗುವುದು.

‘ಸ್ವತಃ ಇಂಗ್ಲಿಷರಲ್ಲಿಯೇ ಒಮ್ಮತವಿಲ್ಲದ ಸಂಗತಿಗಾಗಿ ಕೊಣ್ಣೂರಿನವರು ಏಕೆ ತಲೆ ಕೆಡಿಸಿಕೊಳ್ಳಬೇಕು?’ ಎಂದು ಕೇಳುವವರಿದ್ದಾರೆ. ಒಮ್ಮತವಿಲ್ಲವೆಂಬುದು ಸತ್ಯ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಮುದ್ರಣಾಲಯ ತೆರಪಿಲ್ಲದ ಉದ್ದ ಡ್ಯಾಶನ್ನು ಇಡುತ್ತದೆ. ಬ್ರಿಟನ್ನಿನ ಇತರ ಅನೇಕ ಪ್ರಕಾಶಕರು ತೆರಪುಗಳ ನಡುವೆ ಮಧ್ಯಮ ಡ್ಯಾಶನ್ನು ಇಡುತ್ತಾರೆ. ನಮ್ಮ ಅಜ್ಜಂದಿರ ಇಂಗ್ಲಿಷ್ ಪತ್ರಗಳಲ್ಲಿ ‘ಟು-ಡೇ’ ಎಂದು ಹೈಫನ್ನಿನಿಂದ ಒಡೆದುಕೊಂಡಿದ್ದ ಪದ ಇಂದು ಒಂದಾಗಿದೆ. ೨೦೦೭ರಲ್ಲಿ ಶಾರ್ಟರ್ ಆಕ್ಸ್‌ಫರ್ಡ್ ನಿಘಂಟಿನ ಆರನೆಯ ಆವೃತ್ತಿ ಹೊರಟಾಗ ಸುಮಾರು ೧೬,೦೦೦ ಪದಗಳ ಹೈಫನ್ನುಗಳನ್ನು ಕಿತ್ತುಹಾಕಲಾಯಿತು. ಆದರೆ ಈ ಭಿನ್ನಾಭಿಪ್ರಾಯಗಳೆಲ್ಲ ಅಂಚಿನ ವಿಚಾರಗಳು. ಪಾಳಿಯ ಲೆಕ್ಕದಲ್ಲಿ ಹೈಫನ್ ಎಲ್ಲಿರಬೇಕು, ಅಪೂರ್ಣವಾದ ಕ್ರಿಯಾಪದದ ಮುಂದೆ ಕೋಲನ್ ಇರಬೇಕೆ ಎಂಬಂಥ ಪ್ರಶ್ನೆಗಳಲ್ಲಿ ಶಿಷ್ಟರಿಗೆ ಭಿನ್ನಮತವಿಲ್ಲ. ಹೊಲದ ಬದುವಿನ ವಿಷಯದಲ್ಲಿ ತಂಟೆಯಿದೆಯೆಂದು ಉಳುಮೆಯನ್ನೇ ಬಿಡುವವರುಂಟೆ?

ಗೆರೆಯ ಮಹತ್ತ್ವವನ್ನು ಗಡಿನಾಡಿನವರಾದ ನಮಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಯುರೋಪಿನಲ್ಲಿ ೧೯೯೦ರ ವಸಂತದಲ್ಲಿ, ಕಮ್ಯುನಿಸ್ಟ್ ಆಡಳಿತ ಕಳಚಿ ಬಿದ್ದೊಡನೆ, ಚೆಕೊಸ್ಲೊವಾಕಿಯಾ ದೇಶದ ಹೆಸರಿನ ನಡುವೆ ಹೈಫನ್ ಇರಬೇಕೆ ಬೇಡವೆ ಎಂಬ ವಿವಾದ ಅಲ್ಲಿಯ ಪಾರ್ಲಿಮೆಂಟನ್ನೇ ನಡುಗಿಸಿತು. ತಮ್ಮದು ಸಮಪಾಲುಗಾರಿಕೆಯೆಂದು ತೋರಲು ಹೈಫನ್ ಬೇಕೆಂದು ಸ್ಲೋವಾಕರೂ, ದೇಶವನ್ನು ಒಡೆದಂತೆ ಕಾಣುವ ಗೆರೆ ಬೇಡವೆಂದು ಚೆಕ್ಕರೂ ಹಟ ಹಿಡಿದು, ಚೆಕ್ ಭಾಷೆಯಲ್ಲಿ ಹೈಫನ್ ಇಲ್ಲದೆ, ಸ್ಲೋವಾಕ್ ಭಾಷೆಯಲ್ಲಿ ಹೈಫನ್ ಇಟ್ಟು ಬರೆಯತಕ್ಕದ್ದೆಂದು ಮೊದಲು ರಾಜಿಯಾಗಿ, ಅದೂ ಸಮಾಧಾನ ತರದೆ, ಕೆಲವೇ ವಾರಗಳಲ್ಲಿ ಹೆಸರನ್ನೇ ಬದಲಾಯಿಸಬೇಕಾಯಿತು. ೧೯೯೩ನೆಯ ಜನವರಿ ೧ರಂದು ಅವೆರಡೂ ಬೇರೆ ಬೇರೆ ದೇಶಗಳಾದವು. ಒಡಕಿಗೆ ಹೈಫನ್ನೇ ಕಾರಣವೆಂದು ಹೇಳುವುದು ಅತ್ಯುಕ್ತಿಯಾದೀತು. ಒಡಕು ಒಳಗೆಲ್ಲಿತ್ತೆಂಬುದನ್ನು ಅದು ತೋರಿಸಿಕೊಟ್ಟಿತೆನ್ನುವುದು ವಾಸ್ತವ. ವಾಕ್ಯದಲ್ಲಿಯೂ ಚಿಹ್ನೆಯ ಕೆಲಸ ಅಷ್ಟೇ: ಎಲ್ಲಿ ಕೂಡಿದೆ, ಎಲ್ಲಿ ಬಿಟ್ಟಿದೆ ಎಂಬುದನ್ನು ತೋರಿಸುವುದು.

ಇಂಗ್ಲಿಷಿನ ಚುಕ್ಕೆ-ಗೆರೆಗಳಿಗೆ ಇಷ್ಟು ಆಸ್ಥೆ ವಹಿಸುವುದು ಕನ್ನಡಕ್ಕೆ ಬಗೆದ ದ್ರೋಹವಾದೀತೆ ಎಂಬ ಶಂಕೆ ಬೇಡ. ನಮ್ಮ ತಾಲ್ಲೂಕಿನ ಹೆಸರನ್ನೇ ಮನೆತನದ ಹೆಸರಾಗಿ ಧರಿಸಿದ್ದ ವಿ. ಕೃ. ಗೋಕಾಕರು ಆಕ್ಸ್‌ಫರ್ಡಿನಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ವ್ಯಾಸಂಗ ಮಾಡಿ ಬಂದವರು. ಆ ಭಾಷೆಯನ್ನು ಭಾರತೀಯರಿಗೆ ಕಲಿಸುವ ಕ್ರಮವನ್ನು ರೂಪಿಸಲೆಂದೇ ಸ್ಥಾಪಿತವಾದ ಹೈದರಾಬಾದಿನ ಕೇಂದ್ರ ಇಂಗ್ಲಿಷ್ ಸಂಸ್ಥೆಗೆ ನಿರ್ದೇಶಕರಾಗಿದ್ದವರು. ಕನ್ನಡವೇ ಪ್ರೌಢಶಾಲೆಗಳಲ್ಲಿ ಪ್ರಥಮ ಭಾಷೆಯಾಗಿರತಕ್ಕದ್ದೆಂದು ಪ್ರತಿಪಾದಿಸಿ ೧೯೮೧ರಲ್ಲಿ ಬಂದು, ನಾಡನ್ನೆಲ್ಲ ಎಚ್ಚರಿಸಿದ ವರದಿಗೆ ಅಧ್ಯಕ್ಷರಾಗಿ ಸಹಿ ಹಾಕಿದವರೂ ಅವರೇ. ಒಂದು ಭಾಷೆಯ ಶಿಸ್ತನ್ನು ಆಮೂಲಾಗ್ರವಾಗಿ ಅರಿತವನು ಇನ್ನೊಂದರ ಹಕ್ಕನ್ನೂ ಅಷ್ಟೇ ಸ್ಪಷ್ಟವಾಗಿ ಅರಿಯಬಲ್ಲನೆಂಬುದಕ್ಕೆ ಇದಕ್ಕಿಂತ ಸಮೀಪದ ಪ್ರಮಾಣ ನಮಗೆ ದೊರೆಯದು. ಅರೆಬರೆ ಇಂಗ್ಲಿಷ್ ಕನ್ನಡವನ್ನು ಕಾಪಾಡುವುದಿಲ್ಲ. ಎರಡನ್ನೂ ಅರೆಬರೆಯಾಗಿಯೇ ಉಳಿಸುತ್ತದೆ.

ಆದುದರಿಂದ ನಮ್ಮ ಪ್ರೌಢಶಾಲೆಗಳ ಮುಖ್ಯಾಧ್ಯಾಪಕರಲ್ಲಿ ನನ್ನ ವಿಜ್ಞಾಪನೆ ಇಷ್ಟೇ. ಲೇಖನಚಿಹ್ನೆಗಳ ಪಟ್ಟಿಯನ್ನು ಒಂದು ಅಂಕದ ಪ್ರಶ್ನೆಗಾಗಿ ಬಾಯಿಪಾಠ ಮಾಡಿಸುವುದನ್ನು ನಿಲ್ಲಿಸಿರಿ. ವರ್ಷಕ್ಕೆ ಕೆಲವು ತಾಸುಗಳನ್ನಾದರೂ ಮೀಸಲಿಟ್ಟು, ಕನ್ನಡದ ಅಧ್ಯಾಪಕರನ್ನೂ ಇಂಗ್ಲಿಷಿನ ಅಧ್ಯಾಪಕರನ್ನೂ ಒಂದೇ ಕೋಣೆಯಲ್ಲಿ, ಒಂದೇ ಕರಿಹಲಗೆಯ ಮುಂದೆ ನಿಲ್ಲಿಸಿರಿ. ಒಬ್ಬರು ಸಮಾಸ ಬಿಡಿಸಲಿ, ಇನ್ನೊಬ್ಬರು ಹೈಫನ್ ಇಡಲಿ. ಒಬ್ಬರು ‘ಏನೆಂದರೆ’ ಎನ್ನಲಿ, ಇನ್ನೊಬ್ಬರು ಕೋಲನ್ ಬರೆಯಲಿ. ‘ಅಂದ ಹಾಗೆ’ ಎಂದು ತಡೆದಲ್ಲಿ ಡ್ಯಾಶ್ ಎಳೆಯಲಿ. ಇದಕ್ಕೆ ಸರಕಾರದ ಆದೇಶ ಬೇಡ, ಹೊಸ ಪಠ್ಯಪುಸ್ತಕ ಬೇಡ, ಹಣವೂ ಬೇಡ. ಇಬ್ಬರು ಅಧ್ಯಾಪಕರು ಪರಸ್ಪರ ಮಾತನಾಡಿಕೊಂಡರೆ ಸಾಕು. ಬರುವ ಜೂನಿನಲ್ಲಿ ಶಾಲೆ ತೆರೆದೊಡನೆ ಇದನ್ನು ಆರಂಭಿಸಿರಿ.